ಬೆನ್ನುಮೂಳೆಯ ವಿರಳ ಗೆಡ್ಡೆಗಳನ್ನು ಗುರುತಿಸುವ ಬಗೆ

1887ನೆಯ ಇಸವಿಯ ಜೂನ್ ತಿಂಗಳು. ಲಂಡನ್ ನಗರದಲ್ಲಿ ನಲವತ್ತು ದಾಟಿದ ಕ್ಯಾಪ್ಟನ್ ಒಬ್ಬನು ಎರಡು ಕಾಲುಗಳ ಸ್ವಾಧೀನವನ್ನೂ ಕಳೆದುಕೊಂಡು ಹಾಸಿಗೆ ಹಿಡಿದಿದ್ದನು. ಮೂರು ವರ್ಷಗಳ ಹಿಂದೆ ಅವನ ಎಡಗಡೆಯ ಹೆಗಲ ಹಲಗೆಯ ಕೆಳಗೆ ನೋವೊಂದು ಕಾಣಿಸಿಕೊಂಡಿದ್ದಿತು. ಹಲವು ವೈದ್ಯರು ನೋಡಿದರು. ಒಬ್ಬೊಬ್ಬರು ಒಂದೊಂದು ಹೆಸರನ್ನು ಹೇಳಿದರು. ಯಾವ ಚಿಕಿತ್ಸೆಯೂ ಫಲಿಸಲಿಲ್ಲ. ಕೊನೆಗೆ ವಿಲಿಯಂ ಗವರ್ಸ್ ಎಂಬ ನರರೋಗತಜ್ಞರು ಅವನನ್ನು ಪರೀಕ್ಷಿಸಿದರು. ಎದೆಯ ಯಾವ ಮಟ್ಟದವರೆಗೆ ಸ್ಪರ್ಶಜ್ಞಾನ ಉಳಿದಿದೆ, ಎಲ್ಲಿಂದ ಕೆಳಗೆ ಅದು ನಷ್ಟವಾಗಿದೆ ಎಂಬುದನ್ನು ಗುರುತಿಸಿ, ಅಲ್ಲಿ ಬೆನ್ನುಹುರಿಯನ್ನು ಗೆಡ್ಡೆಯೊಂದು ಒತ್ತುತ್ತಿರಬೇಕೆಂದು ತರ್ಕಿಸಿದರು. ಆ ಗೆಡ್ಡೆಯನ್ನು ಅವರು ಕಂಡಿರಲಿಲ್ಲ. ಕಾಣುವ ಉಪಾಯವೂ ಆಗ ಇರಲಿಲ್ಲ. ರಾಂಟ್ಜನ್ನರು ಕ್ಷ-ಕಿರಣಗಳನ್ನು ಕಂಡುಹಿಡಿಯುವುದಕ್ಕೆ ಇನ್ನೂ ಎಂಟು ವರ್ಷಗಳಿದ್ದುವು.

ಜೂನ್ 9ರಂದು ಶಸ್ತ್ರವೈದ್ಯರಾದ ವಿಕ್ಟರ್ ಹಾರ್ಸ್ಲಿಯವರು ಬೆನ್ನನ್ನು ತೆರೆದರು. ಮೊದಲು ಏನೂ ಸಿಕ್ಕಲಿಲ್ಲ. ಧೈರ್ಯಗೆಡದೆ ಇನ್ನಷ್ಟು ಮೇಲಿನ ಮೂಳೆಯನ್ನು ತೆಗೆದು ನೋಡಿದಾಗ, ಬಾದಾಮಿಯ ಗಾತ್ರದ ಗೆಡ್ಡೆಯೊಂದು ಬೆನ್ನುಹುರಿಯನ್ನು ಒತ್ತಿಕೊಂಡು ಕುಳಿತಿದ್ದಿತು. ಅದನ್ನು ತೆಗೆದ ಮೇಲೆ ರೋಗಿಯು ಕ್ರಮೇಣ ಚೇತರಿಸಿಕೊಂಡು ಮತ್ತೆ ನಡೆದನು. ಬೆನ್ನುಹುರಿಯ ಗೆಡ್ಡೆಯನ್ನು ಹೊರಗಿನಿಂದಲೇ ಗುರುತಿಸಿ, ತೆಗೆದು, ರೋಗಿಯನ್ನು ಗುಣಪಡಿಸಿದ ಮೊದಲನೆಯ ಪ್ರಸಂಗವೆಂದು ಇದು ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಪಾಠ ಹೇಳುವವರು. ಆದರೂ ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಗವರ್ಸರು ತರ್ಕದಿಂದ ಮಾತ್ರವೇ ಊಹಿಸಬೇಕಾಗಿದ್ದುದನ್ನು ಇಂದು ಕಣ್ಣಾರೆ ಕಾಣುವಂತೆ ಮಾಡಿರುವುದು ಬಹುಮಟ್ಟಿಗೆ ಭೌತವಿಜ್ಞಾನವೇ. ಆದರೆ ಕಾಣುವುದು ಬೇರೆ, ಗುರುತಿಸುವುದು ಬೇರೆ. ಬೆನ್ನುಮೂಳೆಯ ವಿರಳ ಗೆಡ್ಡೆಗಳ ವಿಷಯದಲ್ಲಿ ಈ ಭೇದವನ್ನು ಮರೆತರೆ ರೋಗಿಯ ಕಾಲುಗಳಿಗೋ ಪ್ರಾಣಕ್ಕೋ ಸಂಚಕಾರ ಬರಬಹುದು. ಆದುದರಿಂದ ಗೆಡ್ಡೆ ಎಲ್ಲಿದೆ, ಯಾವ ಪದರದಲ್ಲಿದೆ, ಅದು ಏನು ಎಂಬ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಯಾವ ಪ್ರಶ್ನೆಗೆ ಯಾವ ಸಾಧನ ಉತ್ತರ ಕೊಡಬಲ್ಲುದೆಂಬುದನ್ನು ವಿಚಾರ ಮಾಡೋಣ.

ಬೆನ್ನಿನ ರಚನೆ

ನಮ್ಮ ಬೆನ್ನುಮೂಳೆಯು ಒಂದೇ ಮೂಳೆಯಲ್ಲ. ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಒಂದಕ್ಕೊಂದು ಬೆಸೆದುಕೊಂಡು ತ್ರಿಕಾಸ್ಥಿಯಾಗಿರುವ 5, ಬಾಲದ ಮೂಳೆಯಾಗಿರುವ 4, ಹೀಗೆ ಸಾಮಾನ್ಯವಾಗಿ 33 ಕಶೇರುಗಳ ಸಾಲು ಅದು. ಪ್ರತಿಯೊಂದು ಕಶೇರುವಿನ ಮುಂಭಾಗ ದಪ್ಪನಾದ ದಿಂಡಿನಂತೆಯೂ ಹಿಂಭಾಗ ಕಮಾನಿನಂತೆಯೂ ಇರುತ್ತದೆ. ಈ ಕಮಾನುಗಳ ಸಾಲಿನಿಂದ ಉಂಟಾದ ಕೊಳವೆಯಲ್ಲಿ ಕಿರುಬೆರಳಿನ ದಪ್ಪದ ಬೆನ್ನುಹುರಿಯು ಇಳಿದುಬರುತ್ತದೆ. ಅದರಿಂದ 31 ಜೊತೆ ನರಗಳು ಕವಲೊಡೆದು ದೇಹಕ್ಕೆ ಹರಡುತ್ತವೆ. ಹುರಿಯ ಸುತ್ತ ತಿಳಿಯಾದ ದ್ರವವೂ, ಆ ದ್ರವವನ್ನು ಹಿಡಿದಿಡುವ ಗಟ್ಟಿಯಾದ ಪೊರೆಯ ಚೀಲವೂ ಇರುತ್ತವೆ.

ಇಲ್ಲೊಂದು ಸ್ವಾರಸ್ಯವಾದ ಸಂಗತಿಯಿದೆ. ಬೆಳೆದ ಮನುಷ್ಯನಲ್ಲಿ ಬೆನ್ನುಹುರಿಯು ಬೆನ್ನುಮೂಳೆಯಷ್ಟು ಉದ್ದವಾಗಿರುವುದಿಲ್ಲ. ಸೊಂಟದ ಮೊದಲನೆಯ ಅಥವಾ ಎರಡನೆಯ ಕಶೇರುವಿನ ಬಳಿಯೇ ಮುಗಿದುಹೋಗುತ್ತದೆ. ಹೀಗಾಗಿ ನರವೊಂದು ಹುರಿಯಿಂದ ಹೊರಡುವ ಎಡೆಯು, ಅದು ಮೂಳೆಗಳ ಸಂದಿನಿಂದ ಹೊರಬೀಳುವ ಎಡೆಗಿಂತ ಮೇಲಿರುತ್ತದೆ. ಚರ್ಮದ ಮೇಲೆ ಕಂಡ ಗುರುತಿನಿಂದ ಗೆಡ್ಡೆಯ ಸ್ಥಾನವನ್ನು ಎಣಿಸುವವರು ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬೇಕಾದುದಕ್ಕಿಂತ ಕೆಳಗೆ ಹುಡುಕಿಬಿಡುವ ಅಪಾಯವುಂಟು.

ಗೆಡ್ಡೆಯು ಮೂರು ಎಡೆಗಳಲ್ಲಿ ಹುಟ್ಟಬಹುದು: ಚೀಲದ ಹೊರಗೆ, ಎಂದರೆ ಮೂಳೆಯಲ್ಲಿ ಅಥವಾ ಅದರ ಪಕ್ಕದಲ್ಲಿ, ಚೀಲದ ಒಳಗೆ, ಆದರೆ ಹುರಿಯ ಹೊರಗೆ, ಇಲ್ಲವೆ ಹುರಿಯ ಒಳಗೇ. ಬೆನ್ನುಮೂಳೆಯಲ್ಲಿ ಕಂಡುಬರುವ ಗೆಡ್ಡೆಗಳಲ್ಲಿ ಹೆಚ್ಚಿನವು ಶ್ವಾಸಕೋಶ, ಸ್ತನ ಮೊದಲಾದ ಬೇರೆ ಅಂಗಗಳ ಕ್ಯಾನ್ಸರು ರಕ್ತದ ಮೂಲಕ ಬಂದು ನೆಲೆಸಿದಂಥವು. ಬೆನ್ನಿನಲ್ಲಿಯೇ ಹುಟ್ಟುವ ಗೆಡ್ಡೆಗಳು ವಿರಳ. ಆ ವಿರಳತೆಯೇ ಕಷ್ಟಕ್ಕೆ ಮೂಲ. ಬೆನ್ನುನೋವಿಲ್ಲದ ಮನೆಯೇ ಇಲ್ಲ. ನೂರಾರು ಜನರ ಸಾಮಾನ್ಯವಾದ ನೋವಿನ ನಡುವೆ ಒಬ್ಬನ ಅಸಾಮಾನ್ಯವಾದ ನೋವು ಅಡಗಿಕೊಂಡಿರುತ್ತದೆ.

ನೆರಳಿನ ಸಾಕ್ಷ್ಯ

ರಾಂಟ್ಜನ್ನರು 1895ರಲ್ಲಿ ಕಂಡುಹಿಡಿದ ಕ್ಷ-ಕಿರಣಗಳು ಮೊದಲ ಬಾರಿಗೆ ಮೂಳೆಯ ನೆರಳನ್ನು ತೋರಿಸಿಕೊಟ್ಟುವು. ಕಡಮೆ ಶಕ್ತಿಯ ಕ್ಷ-ಕಿರಣಗಳನ್ನು ಪರಮಾಣು ಹೀರಿಕೊಳ್ಳುವ ಪ್ರಮಾಣವು ಅದರ ಪರಮಾಣು ಸಂಖ್ಯೆಯ ಘನಕ್ಕೆ ಸುಮಾರಾಗಿ ಅನುಗುಣವಾಗಿರುತ್ತದೆ. ಮಾಂಸದಲ್ಲಿರುವ ಇಂಗಾಲದ ಸಂಖ್ಯೆ 6, ಆಮ್ಲಜನಕದ್ದು 8. ಮೂಳೆಯಲ್ಲಿರುವ ಕ್ಯಾಲ್ಸಿಯಂನದು 20. ಆದುದರಿಂದಲೇ ಮೂಳೆಯ ನೆರಳು ಸ್ಪಷ್ಟವಾಗಿ ಬೀಳುತ್ತದೆ. ಆದರೆ ಬೆನ್ನುಹುರಿ, ದ್ರವ, ಗೆಡ್ಡೆ ಇವೆಲ್ಲವೂ ಒಂದೇ ಬಗೆಯ ಹಗುರವಾದ ಪರಮಾಣುಗಳಿಂದ ಆದುವು; ಅವುಗಳ ನೆರಳುಗಳಲ್ಲಿ ಭೇದ ತೋರುವುದಿಲ್ಲ. ಇನ್ನೊಂದು ಕೊರತೆಯೂ ಉಂಟು. ಗೆಡ್ಡೆಯೊಂದು ಕಶೇರುವನ್ನು ಒಳಗಿಂದ ತಿನ್ನುತ್ತಿದ್ದರೂ, ಅಲ್ಲಿಯ ಖನಿಜಾಂಶದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ನಷ್ಟವಾಗುವ ತನಕ ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಅದು ಕಾಣದಿರಬಹುದು. ‘ಎಕ್ಸ್‌ರೇ ಸರಿಯಾಗಿದೆ’ ಎಂದ ಮಾತ್ರಕ್ಕೆ ಮೂಳೆ ಸರಿಯಾಗಿದೆ ಎಂದು ಅರ್ಥವಲ್ಲ.

ಫ್ರಾನ್ಸ್ ದೇಶದ ಸಿಕಾರ್ ಮತ್ತು ಫಾರೆಸ್ಟಿಯೇ ಎಂಬ ವೈದ್ಯರು 1920ರ ದಶಕದ ಆರಂಭದಲ್ಲಿ ಒಂದು ಯುಕ್ತಿಯನ್ನು ಬಳಕೆಗೆ ತಂದರು. ಅಯೊಡೀನಿನ ಪರಮಾಣು ಸಂಖ್ಯೆ 53. ಅಯೊಡೀನು ಕೂಡಿದ ಎಣ್ಣೆಯನ್ನು ಬೆನ್ನುಹುರಿಯ ಸುತ್ತಣ ದ್ರವದೊಳಗೆ ಸೇರಿಸಿ ರೋಗಿಯನ್ನು ಓರೆಯಾಗಿಸಿದರೆ, ಭಾರವಾದ ಎಣ್ಣೆಯು ಕೆಳಕ್ಕೆ ಹರಿಯುತ್ತದೆ. ಗೆಡ್ಡೆಯಿದ್ದ ಎಡೆಯಲ್ಲಿ ಅದು ತಡೆದು ನಿಲ್ಲುತ್ತದೆ. ನಿಂತ ಎಣ್ಣೆಯ ನೆರಳು ಗೆಡ್ಡೆಯ ಅಂಚನ್ನು ತೋರಿಸುತ್ತದೆ. ‘ಎಲ್ಲಿದೆ?’ ಎಂಬ ಪ್ರಶ್ನೆಗೆ ಹೀಗೆ ಚಿತ್ರದಲ್ಲಿ ಉತ್ತರ ದೊರೆಯಿತು. ಆ ಎಣ್ಣೆಯು ಈಗ ಈ ಕೆಲಸಕ್ಕೆ ಬಳಕೆಯಲ್ಲಿಲ್ಲ. ನೀರಿನಲ್ಲಿ ಕರಗುವ, ದೇಹವು ತಾನೇ ಹೊರಹಾಕಬಲ್ಲ ಅಯೊಡೀನ್ ಸಂಯುಕ್ತಗಳನ್ನು ಅಗತ್ಯಬಿದ್ದಾಗ ಮಾತ್ರ ಬಳಸುತ್ತಾರೆ.

ಕೊಯ್ಯದೆ ಕಾಣುವ ಹೋಳು

ನೆರಳಿನ ದೊಡ್ಡ ದೋಷವೆಂದರೆ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುವುದು. ಹಲಸಿನ ಹಣ್ಣನ್ನು ಕೊಯ್ಯದೆ, ಸುತ್ತಲೂ ಹಲವು ದಿಕ್ಕುಗಳಿಂದ ಅದರ ನೆರಳುಗಳನ್ನು ಹಿಡಿದು, ಆ ನೆರಳುಗಳಿಂದಲೇ ಒಳಗಿನ ಒಂದೊಂದು ತೊಳೆಯ ಸ್ಥಾನವನ್ನೂ ಲೆಕ್ಕ ಹಾಕಬಹುದೆ? ಹಾಕಬಹುದೆಂದು ರಾಡಾನ್ ಎಂಬ ಗಣಿತಜ್ಞರು 1917ರಲ್ಲಿಯೇ ಸಾಧಿಸಿದ್ದರು. ಇಂಗ್ಲೆಂಡಿನ ಹೌನ್ಸ್‌ಫೀಲ್ಡರು ನಿರ್ಮಿಸಿದ ಯಂತ್ರವು 1971ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಒಳಗಿನ ಹೋಳನ್ನು ಹೀಗೆ ಚಿತ್ರಿಸಿತು. ಇದೇ ಇಂದಿನ ಸಿ.ಟಿ. ಚಿತ್ರಣ. ಇದಕ್ಕಾಗಿ ಹೌನ್ಸ್‌ಫೀಲ್ಡರಿಗೂ, ಇದರ ಗಣಿತವನ್ನು ಮೊದಲೇ ವಿಚಾರ ಮಾಡಿದ್ದ ಕಾರ್ಮಾಕ್ ಅವರಿಗೂ 1979ರ ನೊಬೆಲ್ ಬಹುಮಾನವು ದೊರೆಯಿತು.

ನಮ್ಮ ನಾಡಿಗೂ ಇದಕ್ಕೂ ಒಂದು ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಜಿ. ಎನ್. ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಅದೇ 1971ರಲ್ಲಿ, ನೆರಳುಗಳಿಂದ ಚಿತ್ರವನ್ನು ಶೀಘ್ರವಾಗಿ ಮರಳಿ ಕಟ್ಟುವ ಲೆಕ್ಕದ ವಿಧಾನವೊಂದನ್ನು ಪ್ರಕಟಿಸಿದರು. ಚಿತ್ರಣದ ಪಠ್ಯಪುಸ್ತಕಗಳಲ್ಲಿ ಇಂದಿಗೂ ಅದು ‘ರಾಮ್-ಲಾಕ್’ ಎಂಬ ಮೊಟಕು ಹೆಸರಿನಿಂದ ಉಲ್ಲೇಖಗೊಳ್ಳುತ್ತಿದೆ.

ಸಿ.ಟಿ.ಯ ಪ್ರಯೋಜನಕ್ಕೆ ಒಂದು ಉದಾಹರಣೆ. ಆಸ್ಟಿಯಾಯಿಡ್ ಆಸ್ಟಿಯೋಮ ಎಂಬ ಚಿಕ್ಕ ಗೆಡ್ಡೆಯನ್ನು ಅಮೆರಿಕದ ಜಾಫೆ ಎಂಬುವರು 1935ರಲ್ಲಿ ವಿವರಿಸಿದರು. ಇದು ಕ್ಯಾನ್ಸರಲ್ಲ, ಬೇರೆಡೆಗೆ ಹರಡುವುದೂ ಇಲ್ಲ. ಆದರೆ ಹತ್ತರಿಂದ ಇಪ್ಪತ್ತೈದು ವರ್ಷದವರಲ್ಲಿ, ಎಂದರೆ ಈ ಲೇಖನವನ್ನು ಓದುತ್ತಿರುವವರ ವಯಸ್ಸಿನಲ್ಲಿಯೇ, ಹೆಚ್ಚಾಗಿ ಕಾಣಿಸುತ್ತದೆ. ನೋವು ರಾತ್ರಿಯ ವೇಳೆ ಹೆಚ್ಚುತ್ತದೆ. ಗೆಡ್ಡೆಯ ತಿರುಳು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಹೇರಳವಾಗಿ ಉತ್ಪಾದಿಸುವುದರಿಂದ, ಆ ವಸ್ತುವಿನ ಉತ್ಪತ್ತಿಯನ್ನು ತಡೆಯುವ ಆಸ್ಪಿರಿನ್ ಜಾತಿಯ ಔಷಧಗಳಿಂದ ನೋವು ಆಶ್ಚರ್ಯಕರವಾಗಿ ಇಳಿಯುತ್ತದೆ. ಬೆನ್ನು ಒಂದು ಪಕ್ಕಕ್ಕೆ ಬಾಗಲೂಬಹುದು. ಹುಡುಗನು ಕುಳಿತುಕೊಳ್ಳುವ ಭಂಗಿ ಸರಿಯಿಲ್ಲವೆಂದು ಮನೆಯವರು ಗದರಿಸುತ್ತಿರುತ್ತಾರೆ. ನಿಜವಾದ ಕಾರಣ ಕಶೇರುವಿನ ಕಮಾನಿನಲ್ಲಿ ಒಂದೂವರೆ ಸೆಂಟಿಮೀಟರಿಗೂ ಕಿರಿದಾದ ತಿರುಳಾಗಿ ಅಡಗಿರುತ್ತದೆ.

ಸಾಮಾನ್ಯ ಚಿತ್ರದಲ್ಲಿ ಕಮಾನುಗಳ ನೆರಳುಗಳು ಹೆಣೆದುಕೊಂಡು ಈ ತಿರುಳು ಮರೆಯಾಗುತ್ತದೆ. ವಿಕಿರಣಪಟುವಾದ ಟೆಕ್ನೀಷಿಯಮ್-99ಎಂ ಕೂಡಿದ ಔಷಧವನ್ನು ರಕ್ತಕ್ಕೆ ಸೇರಿಸಿದರೆ, ಹೊಸ ಮೂಳೆ ಭರದಿಂದ ಬೆಳೆಯುತ್ತಿರುವ ಎಡೆಯಲ್ಲಿ ಅದು ಸಂಗ್ರಹವಾಗಿ ಗ್ಯಾಮ ಕಿರಣಗಳನ್ನು ಸೂಸುತ್ತದೆ. ಅದರ ಅರ್ಧಾಯು ಕೇವಲ 6 ಗಂಟೆ. ಹೀಗೆ ಯಾವ ಕಶೇರುವಿನಲ್ಲಿ ಹುಡುಕಬೇಕೆಂದು ಗೊತ್ತಾದ ಮೇಲೆ, ಅಲ್ಲಿ ಸಿ.ಟಿ. ಯಂತ್ರದಿಂದ ತೆಳುವಾದ ಹೋಳುಗಳನ್ನು ಚಿತ್ರಿಸಿದರೆ ತಿರುಳು ಕಣ್ಣಿಗೆ ಬೀಳುತ್ತದೆ. ಔಷಧದಿಂದ ನಿಲ್ಲದ ನೋವಿಗೆ ಆ ತಿರುಳನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದುಂಟು. ನರಗಳಿಂದ ಸಾಕಷ್ಟು ದೂರವಿದ್ದರೆ ಸೂಜಿಯ ತುದಿಯ ಶಾಖದಿಂದ ಸುಡುವುದೂ ಉಂಟು.

ನೀರಿನ ದನಿ

ಆದರೆ ಬೆನ್ನುಹುರಿಯ ಒಳಗಣ ಗೆಡ್ಡೆಯನ್ನು ಸಿ.ಟಿ. ಚಿತ್ರವೂ ಚೆನ್ನಾಗಿ ತೋರಿಸಲಾರದು. ಅದಕ್ಕೆ ಬೇರೆಯೇ ತತ್ತ್ವದ ಸಾಧನ ಬೇಕಾಯಿತು. ಬುಗುರಿಯ ಪ್ರಶ್ನೆಯನ್ನು ಪಾಠಮಾಡುವಾಗ ‘ಇದರಿಂದ ಏನು ಉಪಯೋಗ?’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅವರಿಗೆ ಉತ್ತರ ಇಲ್ಲಿದೆ.

ನಮ್ಮ ದೇಹದ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಅಸಂಖ್ಯಾತ ಜಲಜನಕ ಪರಮಾಣುಗಳಿವೆ. ಅವುಗಳ ಬೀಜವಾದ ಪ್ರೋಟಾನು ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಪ್ರಬಲವಾದ ಕಾಂತಕ್ಷೇತ್ರದಲ್ಲಿ ಅದು ಓಲಾಡುವ ಬುಗುರಿಯಂತೆ ಕ್ಷೇತ್ರದ ದಿಕ್ಕನ್ನು ಸುತ್ತುತ್ತದೆ. ಒಂದು ಟೆಸ್ಲಾ ಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 4 ಕೋಟಿ 26 ಲಕ್ಷ ಸಲ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ಸುಮಾರು 6 ಕೋಟಿ 40 ಲಕ್ಷ ಸಲ. ಈ ಯಂತ್ರದ ಕ್ಷೇತ್ರವು ಭೂಮಿಯ ಕಾಂತಕ್ಷೇತ್ರದ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚಾದುದು. ಇದೇ ಆವರ್ತಾಂಕದ ರೇಡಿಯೋ ಅಲೆಯನ್ನು ಹಾಯಿಸಿದರೆ ಪ್ರೋಟಾನುಗಳು ಅನುರಣಿಸಿ ಶಕ್ತಿಯನ್ನು ಹೀರುತ್ತವೆ; ಅಲೆಯನ್ನು ನಿಲ್ಲಿಸಿದಾಗ ಕ್ಷೀಣವಾದ ರೇಡಿಯೋ ದನಿಯನ್ನು ಹೊರಡಿಸುತ್ತ ಮೊದಲಿನ ಸ್ಥಿತಿಗೆ ಮರಳುತ್ತವೆ. ಬ್ಲಾಕ್ ಮತ್ತು ಪರ್ಸೆಲ್ ಎಂಬ ಭೌತವಿಜ್ಞಾನಿಗಳು 1946ರಲ್ಲಿ ಬೇರೆ ಬೇರೆಯಾಗಿ ಈ ಅನುರಣನೆಯನ್ನು ಪ್ರಕಟಿಸಿದರು. 1973ರಲ್ಲಿ ಲಾಟರ್ಬರ್ ಅವರು ಕಾಂತಕ್ಷೇತ್ರವನ್ನು ಎಡೆಯಿಂದ ಎಡೆಗೆ ಸ್ವಲ್ಪ ಸ್ವಲ್ಪ ಬದಲಿಸಿ, ದನಿಯ ಆವರ್ತಾಂಕದಿಂದ ಅದು ಬಂದ ಸ್ಥಾನವನ್ನು ಗುರುತಿಸುವ ಮಾರ್ಗವನ್ನು ತೋರಿಸಿದರು. ಅವರಿಗೂ ಮ್ಯಾನ್ಸ್‌ಫೀಲ್ಡರಿಗೂ 2003ರಲ್ಲಿ ನೊಬೆಲ್ ಬಹುಮಾನ ಬಂದಿತು. ಇದೇ ಎಂ.ಆರ್.ಐ. ಚಿತ್ರಣ.

ನೀರು ಬಿಡಿಯಾಗಿದೆಯೋ, ಅಂಗಾಂಶದಲ್ಲಿ ಬಿಗಿಯಾಗಿ ಹಿಡಿಯಲ್ಪಟ್ಟಿದೆಯೋ ಎಂಬುದಕ್ಕೆ ತಕ್ಕಂತೆ ಪ್ರೋಟಾನುಗಳು ಮರಳುವ ಕಾಲ ಬದಲಾಗುತ್ತದೆ. ಈ ಕಾಲಭೇದವೇ ಚಿತ್ರದಲ್ಲಿ ಬೆಳಕು ನೆರಳುಗಳಾಗಿ ತೋರುತ್ತದೆ. ಹುರಿ ಬೇರೆ, ದ್ರವ ಬೇರೆ, ಗೆಡ್ಡೆ ಬೇರೆಯಾಗಿ ಕಾಣುತ್ತದೆ. ಏಳು ಒಂಟಿ ಎಲೆಕ್ಟ್ರಾನುಗಳುಳ್ಳ ಗ್ಯಾಡೊಲಿನಿಯಮ್ ಎಂಬ ಲೋಹದ ಸಂಯುಕ್ತವನ್ನು ರಕ್ತಕ್ಕೆ ಸೇರಿಸಿದರೆ, ಅದು ಸೋರಿ ಸೇರಿದ ಎಡೆಗಳು ಮತ್ತಷ್ಟು ಪ್ರಕಾಶಿಸುತ್ತವೆ. ‘ಯಾವ ಪದರದಲ್ಲಿದೆ?’ ಎಂಬ ಎರಡನೆಯ ಪ್ರಶ್ನೆಗೆ ಇಂದು ಇದಕ್ಕಿಂತ ಉತ್ತಮವಾದ ಉತ್ತರ ಬೇರೊಂದಿಲ್ಲ.

ಚಿತ್ರವು ಹೇಳದ ಹೆಸರು

ಈಗ ಮೂರನೆಯ ಪ್ರಶ್ನೆ: ಅದು ಏನು? ಇಲ್ಲಿ ಅತಿ ಸ್ಪಷ್ಟವಾದ ಚಿತ್ರವೂ ನಮ್ಮನ್ನು ದಾರಿತಪ್ಪಿಸಬಹುದು. ನಮ್ಮ ದೇಶದಲ್ಲಿ ಕಶೇರುವನ್ನು ಕೊರೆಯುವ ರೋಗಗಳ ಪೈಕಿ ಕ್ಷಯವು ಮುಖ್ಯವಾದುದು. ಕ್ಷಯವು ಸಾಮಾನ್ಯವಾಗಿ ನೆರೆಯ ಎರಡು ಕಶೇರುಗಳನ್ನೂ ಅವುಗಳ ನಡುವಣ ಮೆತ್ತೆಯನ್ನೂ ಹಾಳುಮಾಡುತ್ತದೆ. ಗೆಡ್ಡೆಯು ಸಾಮಾನ್ಯವಾಗಿ ಮೆತ್ತೆಯನ್ನು ಬಿಟ್ಟು ಮೂಳೆಯನ್ನು ಹಿಡಿಯುತ್ತದೆ. ಆದರೆ ಎರಡೂ ಈ ನಿಯಮವನ್ನು ಮೀರುವುದುಂಟು. ಗೆಡ್ಡೆಯನ್ನು ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದೂ, ಕ್ಷಯವನ್ನು ಕ್ಯಾನ್ಸರೆಂದು ಹೆದರಿಸುವುದೂ ಅಷ್ಟೇ ಅನರ್ಥಕರ. ಇದಕ್ಕೆ ವಿರುದ್ಧವಾದ ಮೋಸವೂ ಇದೆ: ಕಶೇರುಗಳಲ್ಲಿ ಕಂಡುಬರುವ ಹೀಮ್ಯಾಂಜಿಯೋಮ ಎಂಬ ರಕ್ತನಾಳಗಳ ಗಂಟು ಸುಮಾರು ಹತ್ತರಲ್ಲಿ ಒಬ್ಬರಲ್ಲಿರುತ್ತದೆ, ಬಹುತೇಕ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಚಿತ್ರದಲ್ಲಿ ಕಂಡುದೆಲ್ಲವೂ ರೋಗವಲ್ಲ.

ಹೆಸರು ಹೇಳುವುದರ ಮಹತ್ತ್ವವನ್ನು ತಿಳಿಯಲು ಕಾರ್ಡೋಮ ಎಂಬ ಗೆಡ್ಡೆಯನ್ನು ನೋಡೋಣ. ವರ್ಷಕ್ಕೆ ಸುಮಾರು ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಮಾತ್ರ ಬರುವ ರೋಗವಿದು. ಭ್ರೂಣದಲ್ಲಿ ಬೆನ್ನುಮೂಳೆ ರೂಪುಗೊಳ್ಳುವುದಕ್ಕೆ ಮೊದಲು ನೋಟೋಕಾರ್ಡ್ ಎಂಬ ಮೆದುವಾದ ದಂಡವೊಂದಿರುತ್ತದೆ. ಕಶೇರುಗಳು ಬೆಳೆದಂತೆ ಅದು ಅಳಿದುಹೋಗುತ್ತದೆ. ಆದರೆ ಕೆಲವರಲ್ಲಿ ಅದರ ಕಣಗಳು ಅಲ್ಲಲ್ಲಿ ಉಳಿದುಬಿಡುತ್ತವೆ. ತಲೆಬುರುಡೆಯ ತಳದಲ್ಲಿ ಕಾಣುವ, ಗುಳ್ಳೆಗಳಿಂದ ತುಂಬಿದ ಕಣಗಳುಳ್ಳ ಲೋಳೆಯಂತಹ ಬೆಳವಣಿಗೆಯನ್ನು ವಿರ್ಕೋವರು 1857ರಲ್ಲಿ ವರ್ಣಿಸಿ, ಅದು ಮೃದ್ವಸ್ಥಿಯಿಂದ ಹುಟ್ಟಿದುದೆಂದು ಭಾವಿಸಿದರು. ಮರುವರ್ಷವೇ ಮ್ಯುಲ್ಲರ್ ಅವರು ಅದು ನೋಟೋಕಾರ್ಡಿನ ಅವಶೇಷವೆಂದು ಸೂಚಿಸಿದರು. ಮ್ಯುಲ್ಲರರ ಮಾತೇ ಸರಿಯಾಯಿತು. ಇಂತಹ ಅವಶೇಷಗಳಿಂದಲೇ ಕಾರ್ಡೋಮ ಹುಟ್ಟುತ್ತದೆ. ತಲೆಬುರುಡೆಯ ತಳವೂ ತ್ರಿಕಾಸ್ಥಿಯೂ ಅದರ ಮುಖ್ಯ ನೆಲೆಗಳು. ನಡುವಣ ಕಶೇರುಗಳಲ್ಲಿಯೂ ಅದು ಕಾಣಿಸುತ್ತದೆ.

ಕಾರ್ಡೋಮ ನಿಧಾನವಾಗಿ ಬೆಳೆಯುತ್ತದೆ. ತ್ರಿಕಾಸ್ಥಿಯಲ್ಲಿದ್ದರೆ ಕುಳಿತಾಗ ನೋವು, ಮಲಬದ್ಧತೆ, ಇಷ್ಟರಲ್ಲಿಯೇ ವರ್ಷಗಳು ಕಳೆಯಬಹುದು. ಲೋಳೆಯಲ್ಲಿ ನೀರು ಹೇರಳವಾಗಿರುವುದರಿಂದ ಎಂ.ಆರ್.ಐ. ಚಿತ್ರದ ಒಂದು ಬಗೆಯಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ಆದರೆ ಮೃದ್ವಸ್ಥಿಯಿಂದ ಹುಟ್ಟುವ ಕಾಂಡ್ರೋಸಾರ್ಕೋಮವೂ ಹಾಗೆಯೇ ಹೊಳೆಯುತ್ತದೆ. ಸೂಕ್ಷ್ಮದರ್ಶಕದಲ್ಲಿಯೂ ಕೆಲವೊಮ್ಮೆ ಇವೆರಡರಲ್ಲಿ ಭ್ರಮೆಯಾಗುತ್ತದೆ. ಇದನ್ನು ಬಿಡಿಸಿದ ಬಗೆ ವಿಚಿತ್ರವಾಗಿದೆ. 1927ರಲ್ಲಿ ಪ್ಯಾರಿಸ್ ನಗರದಲ್ಲಿ ಕೆಲಸಮಾಡುತ್ತಿದ್ದ ರಷ್ಯನ್ ಮೂಲದ ವಿಜ್ಞಾನಿ ನಾದ್ಯೆಜ್ದಾ ದೊಬ್ರೊವೊಲ್ಸ್ಕಾಯಾ-ಜಾವಾದ್ಸ್ಕಾಯಾ ಅವರು ಗಿಡ್ಡ ಬಾಲದ ಇಲಿಗಳ ಅನುವಂಶಿಕ ದೋಷವೊಂದನ್ನು ವರ್ಣಿಸಿದರು. ಗ್ರೀಕ್ ಭಾಷೆಯಲ್ಲಿ ‘ಗಿಡ್ಡ ಬಾಲ’ ಎಂಬರ್ಥದ ‘ಬ್ರಾಕಿಯೂರಿ’ ಎಂಬ ಹೆಸರು ಅದಕ್ಕೆ ಬಂದಿತು. ನೋಟೋಕಾರ್ಡಿನ ಬೆಳವಣಿಗೆಗೆ ಬೇಕಾದ ಜೀನು ಅದೆಂದು ಮುಂದೆ ತಿಳಿದುಬಂದಿತು. ಹಾಗಾದರೆ ನೋಟೋಕಾರ್ಡಿನಿಂದ ಹುಟ್ಟಿದ ಗೆಡ್ಡೆಯಲ್ಲಿಯೂ ಅದರ ಪ್ರೋಟೀನು ಇರಬೇಕಲ್ಲವೆ? ಇದೆಯೆಂದು ಬ್ರಿಟನ್ನಿನ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟರು. ಈಗ ಗೆಡ್ಡೆಯ ತುಣುಕಿಗೆ ಬಣ್ಣಹಾಕಿ ಈ ಪ್ರೋಟೀನನ್ನು ಹುಡುಕುತ್ತಾರೆ: ಕಾರ್ಡೋಮದಲ್ಲಿ ಅದು ಬಹುಮಟ್ಟಿಗೆ ಇರುತ್ತದೆ, ಕಾಂಡ್ರೋಸಾರ್ಕೋಮದಲ್ಲಿ ಇರುವುದಿಲ್ಲ.

ಸೂಜಿಯ ದಾರಿ

ಈ ಪರೀಕ್ಷೆಗೆ ಗೆಡ್ಡೆಯ ತುಣುಕು ಬೇಕು. ಸಿ.ಟಿ. ಚಿತ್ರವನ್ನು ನೋಡುತ್ತ ಸೂಜಿಯನ್ನು ಗೆಡ್ಡೆಗೆ ಹಾಯಿಸಿ ತುಣುಕನ್ನು ತೆಗೆಯುತ್ತಾರೆ, ಇದೇ ಬಯಾಪ್ಸಿ. ಸುಲಭವಾದ ಕೆಲಸವೆಂದು ತೋರಿದರೂ ಅತ್ಯಂತ ಹೆಚ್ಚಿನ ವಿವೇಕ ಬೇಕಾಗಿರುವುದು ಇಲ್ಲಿಯೇ. ಸೂಜಿ ಹೊರಬರುವಾಗ ಗೆಡ್ಡೆಯ ಕಣಗಳನ್ನು ತನ್ನ ದಾರಿಯಲ್ಲಿ ಬಿತ್ತಿಬರಬಹುದು. ಕಾರ್ಡೋಮಕ್ಕೆ ಸಾಧ್ಯವಾದೆಡೆಯಲ್ಲೆಲ್ಲ ಉತ್ತಮವಾದ ಚಿಕಿತ್ಸೆಯೆಂದರೆ, ಅದನ್ನು ಒಡೆಯದೆ ಸುತ್ತಲಿನ ಆರೋಗ್ಯವಾದ ಭಾಗದ ಅಂಚಿನೊಡನೆ ಇಡಿಯಾಗಿ ತೆಗೆಯುವುದು. ಆದುದರಿಂದ ಸೂಜಿ ಹಾಯ್ದ ದಾರಿಯನ್ನೂ ಗೆಡ್ಡೆಯೊಡನೆ ತೆಗೆದುಹಾಕಲು ಸಾಧ್ಯವಾಗುವಂತೆ, ಮುಂದೆ ಶಸ್ತ್ರಕ್ರಿಯೆ ಮಾಡುವ ವೈದ್ಯರೊಡನೆ ಆಲೋಚಿಸಿಯೇ ಆ ದಾರಿಯನ್ನು ಗೊತ್ತುಮಾಡಬೇಕು. ತ್ರಿಕಾಸ್ಥಿಯ ಗೆಡ್ಡೆ ಗುದನಾಳಕ್ಕೆ ಹತ್ತಿರವಿದೆಯೆಂದು ಆ ಕಡೆಯಿಂದ ಸೂಜಿ ಹಾಕಿದರೆ, ಆರೋಗ್ಯವಾಗಿದ್ದ ಗುದನಾಳವನ್ನೂ ಕಳೆದುಕೊಳ್ಳಬೇಕಾದೀತು. ಬೆನ್ನಿನ ಕಡೆಯಿಂದ ಹೋಗುವುದೇ ಸರಿ. ಗೆಡ್ಡೆಯ ಸ್ವರೂಪವನ್ನು ತಿಳಿಯದೆ ಅವಸರದಿಂದ ಕೆರೆದು ತೆಗೆದರೆ, ಮೊದಲನೆಯ ಶಸ್ತ್ರಕ್ರಿಯೆಗೆ ಮಾತ್ರ ಇದ್ದ ಅನುಕೂಲ ಮತ್ತೆ ದೊರೆಯುವುದಿಲ್ಲ.

ಎಲ್ಲ ಗೆಡ್ಡೆಗಳಿಗೂ ಈ ಸೂಜಿ ಅಗತ್ಯವಲ್ಲ. ಆಸ್ಟಿಯಾಯಿಡ್ ಆಸ್ಟಿಯೋಮವನ್ನು ಅನೇಕ ವೇಳೆ ರೋಗಿಯ ಮಾತು ಮತ್ತು ಚಿತ್ರಗಳಿಂದಲೇ ಗುರುತಿಸುತ್ತಾರೆ. ಬೆನ್ನುಹುರಿಯೊಳಗಣ ಗೆಡ್ಡೆಗೆ ಹೊರಗಿನಿಂದ ಸೂಜಿ ಚುಚ್ಚುವುದು ಅಪಾಯ. ಅದರ ತುಣುಕನ್ನು ಸಾಮಾನ್ಯವಾಗಿ ಶಸ್ತ್ರಕ್ರಿಯೆಯ ಸಮಯದಲ್ಲಿಯೇ ಪರೀಕ್ಷಿಸುತ್ತಾರೆ.

ವಾಚಕರು ನೆನಪಿಡಬೇಕಾದುದು

ಬೆನ್ನುನೋವು ಬಂದವರೆಲ್ಲ ಗೆಡ್ಡೆಯ ಭಯದಿಂದ ಯಂತ್ರದೊಳಗೆ ಮಲಗಬೇಕೆಂದು ನಾವು ಹೇಳುತ್ತಿಲ್ಲ. ಹೆಚ್ಚಿನ ಬೆನ್ನುನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಮಲಗಿದರೂ ಕಡಮೆಯಾಗದೆ ರಾತ್ರಿ ಎಬ್ಬಿಸುವ ನೋವು, ವಾರ ವಾರಕ್ಕೂ ಏರುತ್ತಲೇ ಹೋಗುವ ನೋವು, ಕಾರಣವಿಲ್ಲದೆ ಇಳಿಯುವ ತೂಕ, ಬೆಳೆಯುವ ವಯಸ್ಸಿನಲ್ಲಿ ನೋವಿನೊಡನೆ ಬಾಗುವ ಬೆನ್ನು, ಇವನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು. ಕಾಲುಗಳಲ್ಲಿ ಬಲಹೀನತೆ ಅಥವಾ ಜೋಮು, ಮಲಮೂತ್ರಗಳ ಹಿಡಿತ ತಪ್ಪುವುದು, ಇವು ಕಂಡರೆ ಒಂದು ದಿನವನ್ನೂ ಕಳೆಯಬಾರದು. ಏಕೆಂದರೆ ಒತ್ತಲ್ಪಟ್ಟ ಬೆನ್ನುಹುರಿಯು ಎಷ್ಟರಮಟ್ಟಿಗೆ ಚೇತರಿಸಿಕೊಳ್ಳುವುದೆಂಬುದು, ಚಿಕಿತ್ಸೆಗೆ ಮೊದಲು ಅದರಲ್ಲಿ ಎಷ್ಟು ಶಕ್ತಿ ಉಳಿದಿದ್ದಿತು ಎಂಬುದನ್ನೇ ಮುಖ್ಯವಾಗಿ ಅವಲಂಬಿಸಿದೆ. ಆಸ್ಪತ್ರೆಗೆ ನಡೆದುಕೊಂಡು ಬಂದವನು ನಡೆದುಕೊಂಡೇ ಮರಳುವ ಸಂಭವ ಹೆಚ್ಚು.

ಗವರ್ಸರ ಕಾಲದಲ್ಲಿ ಇಲ್ಲದಿದ್ದ ಯಂತ್ರಗಳು ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲಿಯೂ ಬಂದಿವೆ. ಆದರೂ ಯಾರನ್ನು, ಬೆನ್ನಿನ ಯಾವ ಭಾಗದಲ್ಲಿ, ಏನನ್ನು ಶಂಕಿಸಿ ಪರೀಕ್ಷಿಸಬೇಕೆಂಬುದನ್ನು ಯಂತ್ರವು ಹೇಳಲಾರದು. ಎದೆಯ ಕಶೇರುಗಳಲ್ಲಿರುವ ಗೆಡ್ಡೆಯನ್ನು ಸೊಂಟದ ಚಿತ್ರದಲ್ಲಿ ಹುಡುಕಿದರೆ ಅದು ಸಿಕ್ಕುವುದೂ ಇಲ್ಲ. ರೋಗಿಯ ಮಾತನ್ನು ಕೇಳಿ, ಚರ್ಮದ ಮೇಲೆ ಸ್ಪರ್ಶಜ್ಞಾನದ ಗಡಿಯನ್ನು ಎಳೆದ ಆ ಹಳೆಯ ಪರೀಕ್ಷೆಯಿಂದಲೇ ಇಂದಿಗೂ ಎಲ್ಲವೂ ಆರಂಭವಾಗುತ್ತದೆ.